ಬಂದರೆ ಒಂದು ರಾತ್ರಿ ಮಲಗಿ ಹೋಗಲಿ

ಪತ್ರ: ಅಧ್ಯಕ್ಷರು ಚುನಾವಣಾ ದೇಣಿಗೆ ಎತ್ತುವ ಊಟಕ್ಕೆ ಬಂದರೆ ಇಲ್ಲಿ ರಸ್ತೆಗಳೆಲ್ಲ ಬಂದ್. ಕ್ಯಾಲಿಫೋರ್ನಿಯಕ್ಕೆ ಬರುವ ಬದಲು ಶ್ವೇತಭವನದಲ್ಲೇ ಕೂತು ವಿಡಿಯೋದಲ್ಲಿ ಮಾತಾಡಬಾರದೇ? ಇವರು ಬಂದು ಯಾರಿಗೇನು ಲಾಭ?
– ಸನ್ನಿವೇಲ್‌ನ ಓದುಗರೊಬ್ಬರು

ಉತ್ತರ: ಮಗುವನ್ನು ಡೇಕೇರ್‌ನಿಂದ ಕರೆತರುವ ಹೊತ್ತಿಗೆ ರಸ್ತೆ ಮುಚ್ಚಿದರೆ ಯಾರಿಗಾದರೂ ಮೈ ಉರಿಯುತ್ತದೆ, ನಿಜ. ಪೊಲೀಸರ ಕಷ್ಟವೂ ಇದೆ ಅನ್ನಿ. 1975ರ ಸೆಪ್ಟೆಂಬರ್‌ನಲ್ಲಿ ನಿಮ್ಮ ರಾಜ್ಯದಲ್ಲೇ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮೇಲೆ 17 ದಿನದೊಳಗೆ ಎರಡು ಸಲ ಕೊಲೆ ಯತ್ನ ನಡೆಯಿತು.

ಆದರೆ ಬರಲೇಬೇಡಿ ಅಂತೀರಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಇಷ್ಟು ಓದಿಕೊಂಡ ನೀವು 1903ರ ಮೇ ತಿಂಗಳನ್ನು ಮರೆತಿರಾ? ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಗ ಬಂದಿದ್ದರು. ನಿಮ್ಮೂರಿನಿಂದ ಬೆಟ್ಟ ದಾಟಿದರೆ ಸಾಂತಾ ಕ್ರೂಜ್. ಅಲ್ಲಿನ ರೆಡ್‌ವುಡ್ ತೋಪಿನಲ್ಲಿ ದೊಡ್ಡ ಮರಗಳಿಗೆ ಜನ ಹೆಸರಿನ ಚೀಟಿ ಸಿಕ್ಕಿಸಿದ್ದರು. ಸ್ವಾಗತಕ್ಕೆ ಸೇರಿದವರ ಮುಂದೆಯೇ ಇದು ನಗೆಪಾಟಲು, ತೆಗೆಯಿರಿ ಎಂದುಬಿಟ್ಟರು. ಹಾರ ಹಾಕಲು ಬಂದವರಿಗೇ ಬುದ್ಧಿ ಹೇಳುವ ಅತಿಥಿ ಈಗ ಎಲ್ಲಿ ಸಿಗಬೇಕು!

ಅಲ್ಲಿಂದ ಕೆಲವೇ ದಿನಕ್ಕೆ ಯೊಸೆಮಿಟಿ, ನಿಮ್ಮದೇ ರಾಜ್ಯದ ಬೆಟ್ಟಗಾಡು. ರಾಜಕೀಯ ಬಿಟ್ಟು ನಾಲ್ಕು ದಿನ ನಿಮ್ಮೊಬ್ಬರ ಜೊತೆ ಇರಬೇಕು ಎಂದು, ಕಾಡು ಉಳಿಸಲು ಹೋರಾಡುತ್ತಿದ್ದ ಲೇಖಕ ಜಾನ್ ಮ್ಯೂರ್‌ಗೆ ಮೊದಲೇ ಬರೆದಿದ್ದರು. ಕಣಿವೆಯಲ್ಲಿ ಔತಣ, ಪಟಾಕಿ ಎಲ್ಲ ತಯಾರಿತ್ತು. ಇವರು ಅತ್ತ ತಲೆಯೂ ಹಾಕದೆ ಕಾಡಿನಲ್ಲೇ ಮೂರು ರಾತ್ರಿ ಕಳೆದರು. ಒಂದು ರಾತ್ರಿ ದೈತ್ಯ ಸಿಕೋಯಾ ಮರಗಳ ಬುಡದಲ್ಲಿ. ಮರುರಾತ್ರಿ ಗ್ಲೇಸಿಯರ್ ಪಾಯಿಂಟ್ ಹತ್ತಿರ. ಬೆಳಿಗ್ಗೆ ಎದ್ದಾಗ ಹೊದ್ದ ಕಂಬಳಿಯ ಮೇಲೆಲ್ಲ ಹಿಮ! ಮನುಷ್ಯನಿಗೆ ಖುಷಿಯೋ ಖುಷಿ. ಬೆಂಕಿಯ ಪಕ್ಕ ಮ್ಯೂರ್ ಸುಮ್ನೆ ಕೂರಲಿಲ್ಲ. ಕಣಿವೆಯನ್ನು ರಾಜ್ಯ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಕೇಂದ್ರ ಸರ್ಕಾರವೇ ವಹಿಸಿಕೊಳ್ಳಲಿ ಅನ್ನುವುದು ಅವರ ಹಳೆಯ ಹಟ. 1906ರಲ್ಲಿ ಅದು ನಡೆಯಿತು. ಸಹಿ ರೂಸ್‌ವೆಲ್ಟ್‌ರದೇ. ವಿಡಿಯೋದಲ್ಲಿ ಆಗುವ ಕೆಲಸವೇ ಇದು?

1962ರಲ್ಲಿ ಕೆನಡಿ, 2016ರಲ್ಲಿ ಒಬಾಮಾ ಕೂಡ ಯೊಸೆಮಿಟಿಗೆ ಬಂದು ಉಳಿದರು. ನೆಲದ ಮೇಲಲ್ಲ, ಹೋಟೆಲಿನಲ್ಲಿ. ಇರಲಿ, ಉಳಿದರಲ್ಲ, ಅಷ್ಟೇ ಸಾಕು.

ನೀವು ಬೈಯಬೇಕಾದ್ದು ಬೇರೆ ಕಡೆ. ಕ್ಯಾಲಿಫೋರ್ನಿಯದ ಕೈಯಲ್ಲಿ ಅಧ್ಯಕ್ಷರನ್ನು ಆರಿಸುವ 54 ಎಲೆಕ್ಟೋರಲ್ ಮತಗಳಿವೆ, ಯಾವ ರಾಜ್ಯಕ್ಕೂ ಇಷ್ಟಿಲ್ಲ. ಆದರೆ 1992ರಿಂದ ಪ್ರತಿ ಸಲವೂ ಅಷ್ಟೂ ಡೆಮಾಕ್ರಟಿಕ್ ಪಕ್ಷದ ಜೋಳಿಗೆಗೇ ಬಿದ್ದಿವೆ. ಒಂದು ಪಕ್ಷಕ್ಕೆ ಗೆಲ್ಲುವ ಚಿಂತೆಯಿಲ್ಲ, ಇನ್ನೊಂದಕ್ಕೆ ಗೆಲ್ಲುವ ಆಸೆಯಿಲ್ಲ. ಹಾಗಾಗಿ ಮತ ಕೇಳಲು ಬರುವವರು ಕಡಿಮೆ, ದುಡ್ಡು ಕೇಳಲು ಬರುವವರೇ ಜಾಸ್ತಿ. ವಿಮಾನ ಇಳಿದು, ಸಾಹುಕಾರರ ಮನೆಯಲ್ಲಿ ಉಂಡು, ಚೆಕ್ ಎಣಿಸಿಕೊಂಡು ಹೊರಟರೆ ಮುಗಿಯಿತು. ಸೆಂಟ್ರಲ್ ವ್ಯಾಲಿಯಲ್ಲಿ ಟೊಮೆಟೊ ಕೀಳುವವರ ಮನೆಯ ಕೊಳಾಯಿಯಲ್ಲಿ ಎಂಥ ನೀರು ಬರುತ್ತದೆ ಅಂತ ಆ ಊಟದ ಮೇಜಿನಲ್ಲಿ ಯಾರು ಹೇಳಬೇಕು? ನಮ್ಮ ಪತ್ರಕರ್ತರೂ ಕಡಿಮೆಯಿಲ್ಲ ಬಿಡಿ. ತಟ್ಟೆಗೆ ಎಷ್ಟು ಸಾವಿರ ಡಾಲರ್ ಅಂತ ತಪ್ಪದೆ ಬರೆಯುತ್ತಾರೆ. ಉಂಡವರು ಕೈ ತೊಳೆಯುತ್ತ ಏನು ಕೇಳಿಕೊಂಡರು ಅನ್ನೋದನ್ನ ಮಾತ್ರ ಬರೆಯೋದಿಲ್ಲ.

– ಸಂಪಾದಕ