ಆ ಕಾರ್ಡನ್ನು ಕಸಕ್ಕೆ ಹಾಕಬೇಡಿ

ಪ್ರಶ್ನೆ: ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಐದು ವರ್ಷ ಕೆಲಸ ಮಾಡಿ ಈಗ ಮೈಸೂರಿಗೆ ವಾಪಸ್ ಬಂದಿದ್ದಾಳೆ. ಅವಳ ಹಳೇ ಕಂಪನಿ ಹೆಂಗಸರಿಗೆ ಕಡಿಮೆ ಸಂಬಳ ಕೊಟ್ಟಿದೆ ಅಂತ ಯಾರೋ ಕ್ಲಾಸ್ ಆ್ಯಕ್ಷನ್ ಕೇಸ್ ಹಾಕಿದ್ದರಂತೆ. ಈಗ ರಾಜಿಯಾಗಿದೆ, ನೀವೂ ಈ ಗುಂಪಿಗೆ ಸೇರಿದ್ದೀರಿ ಎಂದು ಅಲ್ಲಿನ ಗೆಳತಿಯ ವಿಳಾಸಕ್ಕೆ ಒಂದು ಕಾರ್ಡ್ ಬಂದಿದೆ. ಇವಳು ಯಾವ ವಕೀಲರನ್ನೂ ಇಟ್ಟಿಲ್ಲ. ಇದು ಮೋಸವಾ? ಫೀಸು ಯಾರು ಕೊಡಬೇಕು? ನಮ್ಮಲ್ಲೂ ಹೀಗೆ ಕೇಸ್ ಹಾಕಬಹುದಾ?
(ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಮೋಸ ಇರಬಹುದು, ಇಲ್ಲದೆಯೂ ಇರಬಹುದು. ನಿಜವಾದ ಕಾರ್ಡ್ ನೋಡಿದರೂ ಜಾಹೀರಾತಿನ ಚೀಟಿಯಂತೆಯೇ ಕಾಣುತ್ತದೆ. ಸಣ್ಣಕ್ಷರ, ತುಂಬಾ ಇಂಗ್ಲಿಷು. ನನ್ನ ಸ್ನೇಹಿತರೊಬ್ಬರ ಮಗ ಅದನ್ನು ಪಿಜ್ಜಾ ಕೂಪನ್ ಜೊತೆಗೇ ಬುಟ್ಟಿಗೆ ಹಾಕಿದ್ದ. ಕಾರ್ಡಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಕೊನೇ ದಿನಾಂಕ ಇವೆಯೇ ನೋಡಿ. ಆ ನಂಬರನ್ನು ಕೋರ್ಟಿನ ದಾಖಲೆಯಲ್ಲೇ ಹುಡುಕಿಸಿ. ಹಣ ಕೊಡಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂದರೆ ಅದು ಮೋಸವೇ.

ವಕೀಲರನ್ನೇ ಇಡದೆ ಕೇಸಿಗೆ ಹೇಗೆ ಸೇರಿದಳು ಅನ್ನೋದು ನಿಮ್ಮ ಗೊಂದಲ ಅಲ್ವಾ? ಕ್ಲಾಸ್ ಆ್ಯಕ್ಷನ್ ಅಂದರೆ ಅದೇ, ಅಲ್ಲಿ ಕೆಲವರು ಎಲ್ಲರ ಪರವಾಗಿ ದಾವೆ ಹೂಡುತ್ತಾರೆ. ಕೋರ್ಟು ಒಪ್ಪಿದರೆ ಅದೇ ಅನ್ಯಾಯಕ್ಕೆ ಸಿಕ್ಕ ಉಳಿದವರೂ ತಾವಾಗಿಯೇ ಒಳಗೆ ಬರುತ್ತಾರೆ. ಆದರೆ ಕೋರ್ಟನ್ನು ಒಪ್ಪಿಸುವುದು ಸುಲಭವಲ್ಲ. ವಾಲ್‌ಮಾರ್ಟ್ ಕೇಸನ್ನೇ ನೋಡಿ. ಬೆಟ್ಟಿ ಡ್ಯೂಕ್ಸ್ ಎಂಬಾಕೆ ಕ್ಯಾಲಿಫೋರ್ನಿಯಾದ ಪಿಟ್ಸ್‌ಬರ್ಗ್ ಊರಿನ ಅಂಗಡಿಯಲ್ಲಿ ಕ್ಯಾಶಿಯರ್ ಆಗಿದ್ದವರು. ಸಂಬಳದಲ್ಲೂ ಬಡ್ತಿಯಲ್ಲೂ ಹೆಂಗಸರಿಗೆ ತಾರತಮ್ಯವಾಗಿದೆ ಎಂದು ಅವರು ಮತ್ತು ಇನ್ನು ಕೆಲವರು 2001ರಲ್ಲಿ ದಾವೆ ಹಾಕಿದರು. ಆಧಾರ, 1964ರ ನಾಗರಿಕ ಹಕ್ಕುಗಳ ಕಾಯ್ದೆ. ಗುಂಪಿನಲ್ಲಿದ್ದವರು ಸುಮಾರು 15 ಲಕ್ಷ ಹೆಂಗಸರು! ಹತ್ತು ವರ್ಷ ಎಳೆದಾಡಿ 2011ರಲ್ಲಿ ಸುಪ್ರೀಂ ಕೋರ್ಟು ಇದು ಒಂದೇ ಗುಂಪಲ್ಲ ಎಂದಿತು. ಸಾವಿರಾರು ಅಂಗಡಿಗಳಲ್ಲಿ ಬೇರೆಬೇರೆ ಮ್ಯಾನೇಜರುಗಳು ತಂತಮ್ಮ ಮರ್ಜಿಯಂತೆ ತೀರ್ಮಾನ ಮಾಡಿದ್ದಾರೆ, ಎಲ್ಲವನ್ನೂ ಕಟ್ಟುವ ಒಂದು ದಾರ ತೋರಿಸಿಲ್ಲ ಅನ್ನೋದು ಬಹುಮತದವರ ಮಾತು. ಒಂಬತ್ತರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ನನಗೂ ಆ ನಾಲ್ವರ ಮಾತೇ ಸರಿ ಅನ್ನಿಸುತ್ತದೆ. ಮ್ಯಾನೇಜರುಗಳಿಗೆ ಲಗಾಮಿಲ್ಲದ ಅಧಿಕಾರ ಕೊಟ್ಟಿದ್ದೇ ಆ ದಾರ ಆಗಬಾರದೇಕೆ? ಒಂದು ಮಾತು ನೆನಪಿರಲಿ, ತಾರತಮ್ಯ ನಡೆದಿಲ್ಲ ಎಂದೇನೂ ಕೋರ್ಟು ಹೇಳಲಿಲ್ಲ. ವಿಚಾರಣೆ ಅಲ್ಲಿವರೆಗೆ ಹೋಗಲೇ ಇಲ್ಲ.

ಆ ಹೆಂಗಸರ ಪರ ಇದ್ದ ಲಾ ಫರ್ಮ್‌ಗಳಲ್ಲಿ ವಾಷಿಂಗ್ಟನ್ನಿನ ಕೋಹೆನ್ ಮಿಲ್‌ಸ್ಟೀನ್ ಒಂದು. ನಾಗರಿಕ ಹಕ್ಕುಗಳ ಕೇಸಿಗಾಗಿಯೇ ಅಲ್ಲಿ ಬೇರೆ ವಿಭಾಗ ಇದೆ. ಇಂಥ ಫರ್ಮ್ ದಾಖಲೆ, ತಜ್ಞರು, ಅಂಕಿಅಂಶ ಎಲ್ಲಕ್ಕೂ ತನ್ನ ಕೈಯಿಂದಲೇ ಹಣ ಹಾಕಿರುತ್ತದೆ. ಸೋತರೆ ಹೋಯಿತು. ಗೆದ್ದರೆ ಒಟ್ಟು ಹಣದಲ್ಲಿ ಪಾಲು, ಅದೂ ಜಡ್ಜ್ ಒಪ್ಪಿದಷ್ಟು. ನಿಮ್ಮ ಮಗಳು ಕೈಯಿಂದ ಏನೂ ಕೊಡಬೇಕಿಲ್ಲ.

ಅದೇ ಫರ್ಮ್ ಮುಂದೆ ನಿಂತು ನಡೆಸಿದ ಇನ್ನೊಂದು ಕೇಸು ಕೀಪ್‌ಸೀಗಲ್. ಅಲ್ಲಿನ ಮೂಲನಿವಾಸಿ ರೈತರಿಗೆ 1981ರಿಂದ ಕೃಷಿ ಇಲಾಖೆಯ ಸಾಲದಲ್ಲಿ ತಾರತಮ್ಯ ಆಗಿದೆ ಎಂದು 1999ರಲ್ಲಿ ಹೂಡಿದ್ದು. ಬಿತ್ತನೆ ಹೊತ್ತಿಗೆ ಸಾಲ ಸಿಗದಿದ್ದರೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 2010ರಲ್ಲಿ ಸರ್ಕಾರ 76 ಕೋಟಿ ಡಾಲರಿಗೆ ರಾಜಿಯಾಯಿತು. 68 ಕೋಟಿ ನಗದು, 8 ಕೋಟಿ ಸಾಲ ಮನ್ನಾ. ವಕೀಲರಿಗೆ ಸಿಕ್ಕಿದ್ದು ಒಟ್ಟಿನ ನೂರಕ್ಕೆ ಎಂಟು. ಇದನ್ನು ನಿಮಗೆ ಹೇಳುತ್ತಿರುವುದು ಆಮೇಲೆ ಆದದ್ದಕ್ಕೆ. ಅಂದುಕೊಂಡಷ್ಟು ಜನ ಅರ್ಜಿಯನ್ನೇ ಹಾಕಲಿಲ್ಲ. ಸುಮಾರು 3,600 ಮಂದಿಗೆ ಪರಿಹಾರ ಹೋದ ಮೇಲೂ 38 ಕೋಟಿ ಡಾಲರ್ ಮಿಕ್ಕಿತು! ಅದನ್ನೇನು ಮಾಡುವುದು ಅಂತ ಮತ್ತೆ ವರ್ಷಗಟ್ಟಲೆ ಕೋರ್ಟಿನಲ್ಲೇ ಜಗಳ. ಕೊನೆಗೆ ದೊಡ್ಡ ಭಾಗವನ್ನು ಮೂಲನಿವಾಸಿ ರೈತರಿಗಾಗಿಯೇ ಒಂದು ನಿಧಿ ಮಾಡಿ ಇಟ್ಟರು.

ಹಾಗಾಗಿ ಸುಮ್ನೆ ಕೂತರೆ ಎರಡು ಕಡೆಯಿಂದಲೂ ನಷ್ಟವಾಗಬಹುದು. ಪರಿಹಾರದ ಕೇಸುಗಳಲ್ಲಿ ನಾನು ಇದರಲ್ಲಿ ಇಲ್ಲ ಎಂದು ಬರೆದುಕೊಡದಿದ್ದರೆ ರಾಜಿ ನಿಮ್ಮ ಮಗಳನ್ನೂ ಕಟ್ಟಿಹಾಕುತ್ತದೆ. ಅದೇ ವಿಷಯಕ್ಕೆ ಮುಂದೆ ತನ್ನದೇ ಕೇಸ್ ಹಾಕೋ ಹಾಗಿಲ್ಲ. ಎಷ್ಟೋ ರಾಜಿಗಳಲ್ಲಿ ಅರ್ಜಿ ತುಂಬಿ ಕಳಿಸದೆ ದುಡ್ಡೂ ಬರುವುದಿಲ್ಲ. ವಾಪಸ್ ಬಂದುಬಿಟ್ಟಿದ್ದಾಳೆ ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಹಿಂದೆ ಟಿಸಿಎಸ್ ಮೇಲೆ ಇಲ್ಲಿಂದ ಅಮೆರಿಕಕ್ಕೆ ಹೋಗಿದ್ದ ಉದ್ಯೋಗಿಗಳೇ ಇಂಥ ಕೇಸ್ ನಡೆಸಿದ್ದರು. ತಮಗೆ ಬಂದ ತೆರಿಗೆ ಮರುಪಾವತಿಯನ್ನು ಕಂಪನಿ ತೆಗೆದುಕೊಂಡಿತು ಅನ್ನೋದು ದೂರು. 2013ರಲ್ಲಿ ಅದು ಸುಮಾರು 3 ಕೋಟಿ ಡಾಲರಿಗೆ ರಾಜಿಯಲ್ಲಿ ಮುಗಿಯಿತು.

ನಮ್ಮಲ್ಲಿ ಇದರ ಹತ್ತಿರದ ನೆಂಟರು ಇದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಲ್ಲಿ ಕೋರ್ಟಿನ ಅನುಮತಿ ಪಡೆದು ಹಲವರ ಪರ ಒಬ್ಬರು ದಾವೆ ಹೂಡಬಹುದು. ಗ್ರಾಹಕರ ಕಾಯ್ದೆಯಲ್ಲೂ ಅವಕಾಶ ಇದೆ. ಮೂಲಭೂತ ಹಕ್ಕಿನ ಪ್ರಶ್ನೆಯಾದರೆ ಪಿಐಎಲ್ ಇದ್ದೇ ಇದೆ. ಆದರೆ ಅಲ್ಲಿನಂತೆ ಗೆದ್ದರಷ್ಟೇ ಫೀಸು, ಅದೂ ಪಾಲಿನ ಲೆಕ್ಕದಲ್ಲಿ ಅನ್ನುವ ಒಪ್ಪಂದಕ್ಕೆ ಇಲ್ಲಿ ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಕೈಯಿಂದ ಕೋಟಿಗಟ್ಟಲೆ ಹಾಕಿ ಹತ್ತು ವರ್ಷ ಕಾಯುವ ಫರ್ಮ್ ಇಲ್ಲಿ ಬೆಳೆಯದಿರುವುದಕ್ಕೆ ಅದೂ ಒಂದು ಕಾರಣ.

ಇವತ್ತೇ ಗೆಳತಿಗೆ ಹೇಳಿ ಕಾರ್ಡಿನ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಕೊನೇ ದಿನಾಂಕ ಎರಡಿರಬಹುದು, ಹೊರಗುಳಿಯಲು ಒಂದು, ಅರ್ಜಿ ಹಾಕಲು ಇನ್ನೊಂದು. ಮೈಸೂರಿನ ವಿಳಾಸವನ್ನೂ ಕಾರ್ಡ್ ಕಳಿಸಿದವರಿಗೆ ಬರೆದು ತಿಳಿಸಿ. ಇಲ್ಲದಿದ್ದರೆ ಚೆಕ್ಕೂ ನ್ಯೂಜೆರ್ಸಿಗೇ ಹೋಗುತ್ತದೆ.