ಡಬ್ಬಿ ತೆರೆದವರಿಗೆ ತಿಳಿಯಬೇಕು: ಓದುಗರ ಎಲೆಕ್ಟ್ರಾನಿಕ್ಸ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ಸೇಡಂನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಟಾಕಿ ತುಂಬಿದ ಕೂಡಲೇ ಬೋರಿನ ಮೋಟರ್ ಬಂದ್ ಆಗುವ ಸರ್ಕ್ಯೂಟ್ ಮಾಡಿ ನಮ್ಮ ಮನೆಗೂ ಅಕ್ಕಪಕ್ಕದವರಿಗೂ ಹಾಕಿಕೊಟ್ಟಿದ್ದೆ. ಪ್ರೋಗ್ರಾಮ್ ತುಂಬುವ ಪುಟ್ಟ ಬೋರ್ಡ್ ಆರ್ಡುವಿನೊ ನ್ಯಾನೊ, ಒಂದು ಟ್ರಾನ್ಸಿಸ್ಟರ್, ಮೋಟರಿನ ಸ್ವಿಚ್ಚಾಗಿ ಒಂದು ರಿಲೇ, ಅಷ್ಟೇ. ಈಗ ಒಂದು ಕೆಟ್ಟಿದೆ. ನೋಟ್‌ಬುಕ್ಕಿನ ಚಿತ್ರಕ್ಕೂ ಡಬ್ಬಿಯೊಳಗೆ ಇರುವುದಕ್ಕೂ ತಾಳೆಯೇ ಆಗುತ್ತಿಲ್ಲ. ಕಂಪ್ಯೂಟರಿನಲ್ಲಿ ಸರಿಯಾಗಿ ಬರೆದಿಡೋಣ ಅಂತಿದ್ದೇನೆ. ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಯಾವುದು?

ಉತ್ತರ: ಕೀಕ್ಯಾಡ್ ಹಾಕಿಕೊಳ್ಳಿ. 1992ರಲ್ಲಿ ಫ್ರಾನ್ಸಿನಲ್ಲಿ ಶುರುವಾದದ್ದು. ಇವತ್ತಿಗೂ ಪುಕ್ಕಟೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಡೌನ್‌ಲೋಡ್ ಮಾತ್ರ ದೊಡ್ಡದು, ಒಂದು ಜಿಬಿಗಿಂತ ಜಾಸ್ತಿ. ಒಮ್ಮೆ ಹಾಕಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ.

ಆದರೆ ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಕೆಲಸ ಇದೆ. ನೋಟ್‌ಬುಕ್ ಬದಿಗಿಡಿ. ಡಬ್ಬಿಯೊಳಗಿನ ಬೋರ್ಡನ್ನು ಕೈಗೆ ತೆಗೆದುಕೊಳ್ಳಿ. ಮೋಟರಿನ ಲೈನ್ ಬಂದ್ ಮಾಡಿರಬೇಕು, ಅದನ್ನು ಎರಡು ಸಲ ನೋಡಿ. ಆಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದೊಂದೇ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹಿಡಿದು ಬರೆಯಿರಿ. ನೋಟ್‌ಬುಕ್ಕಿನಲ್ಲಿ ಇರುವುದು ನೀವು ಮಾಡಬೇಕು ಅಂದುಕೊಂಡಿದ್ದು. ಬೋರ್ಡಿನಲ್ಲಿ ಇರುವುದು ಮಾಡಿದ್ದು. ಲ್ಯಾಬಿನಲ್ಲಿ ಹುಡುಗರ ಬೋರ್ಡ್ ನೋಡುವಾಗ ನಾನು ಮೊದಲು ಕೇಳುವುದೇ ಇದನ್ನು: ಈ ಚಿತ್ರ ಬೋರ್ಡ್ ನೋಡಿ ಬರೆದದ್ದಾ, ಇಲ್ಲಾ ಬೋರ್ಡಿಗಿಂತ ಮುಂಚೆ ಬರೆದದ್ದಾ?

ಕೀಕ್ಯಾಡಿನಲ್ಲಿ ಬರೆಯುವುದು ಕಷ್ಟವಲ್ಲ. ಕೀಲಿಮಣೆಯ ‘ಎ’ ಒತ್ತಿದರೆ ಹೊಸ ಬಿಡಿಭಾಗ, ‘ಡಬ್ಲ್ಯೂ’ ಒತ್ತಿದರೆ ತಂತಿ, ‘ಆರ್’ ಒತ್ತಿದರೆ ತಿರುಗುತ್ತದೆ. ಒಂದು ಸಂಜೆಯಲ್ಲಿ ಕೈ ಕೂಡುತ್ತದೆ. 5 ವೋಲ್ಟ್ ಮೇಲೆ, ಗ್ರೌಂಡ್ ಕೆಳಗೆ ಇರಲಿ. ಟಾಕಿಯಲ್ಲಿ ನೀರು ತಾಗಿದ್ದನ್ನು ಹಿಡಿಯುವ ಪ್ರೋಬ್‌ಗಳು ಎಡಕ್ಕೆ, ನ್ಯಾನೊ ನಡುವೆ, ರಿಲೇ ಬಲಕ್ಕೆ. ಹೀಗಿದ್ದರೆ ಯಾರು ನೋಡಿದರೂ ನೀರಿನಿಂದ ಮೋಟರಿನವರೆಗೆ ಓದಿಕೊಂಡು ಹೋಗಬಹುದು. ನಾಲ್ಕು ಕಡೆಯಿಂದ ತಂತಿ ಬಂದು ಒಂದೇ ಚುಕ್ಕೆಯಲ್ಲಿ ಸೇರುವಂತೆ ಬರೆಯಬೇಡಿ. ಪ್ರಿಂಟಿನಲ್ಲಿ ಆ ಚುಕ್ಕೆ ಮಾಸಿದರೆ ಎರಡು ತಂತಿ ಸುಮ್ನೆ ಒಂದರ ಮೇಲೊಂದು ದಾಟಿದ ಹಾಗೆ ಕಾಣುತ್ತದೆ. ಇದೇ ಕಾರಣಕ್ಕೆ ರೆಸಿಸ್ಟರಿನ ಮೌಲ್ಯವನ್ನು 4.7ಕೆ (ಕೆ ಅಂದರೆ ಸಾವಿರ ಓಮ್) ಅಂತ ಬರೆಯದೆ 4ಕೆ7 ಅಂತ ಬರೆಯುವುದು. ಚುಕ್ಕೆ ಅಳಿಸಿ ಹೋದರೆ ಅದು 47ಕೆ ಆಗುತ್ತದೆ, ಅಲ್ವಾ?

ಟ್ರಾನ್ಸಿಸ್ಟರ್ ಹತ್ತಿರ ಸ್ವಲ್ಪ ನಿಲ್ಲಿ. ಬರೀ ಎನ್‌ಪಿಎನ್ ಅಂತ ಜಾತಿ ಬರೆದರೆ ಸಾಲದು. ಬಿಸಿ547 ನಂಬರಿನ ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪ್ಲಾಸ್ಟಿಕ್ಕಿನ 2222 ಜಾತಿಯಲ್ಲಿ ಕೆಲವು ಇದಕ್ಕೆ ಪೂರ್ತಿ ಉಲ್ಟಾ ಬರುತ್ತವೆ. ನೋಡಲು ಎರಡೂ ಒಂದೇ ತರಹ. ಮುಂದೆ ಯಾರೋ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿದರೆ ರಿಲೇ ಎಳೆಯುವುದೇ ಇಲ್ಲ. ಹಾಗಾಗಿ ನೀವು ನಿಜವಾಗಿ ಹಾಕಿದ ನಂಬರನ್ನೇ ಚಿತ್ರದಲ್ಲಿ ಬರೆದು, ಕಾಲುಗಳ ಕ್ರಮವನ್ನೂ ಪಕ್ಕದಲ್ಲಿ ಬರೆಯಿರಿ. ರಿಲೇ ಕಾಯಿಲಿಗೆ ಅಡ್ಡ ಹಾಕಿದ 1ಎನ್4007 ಡಯೋಡಿನ ಪಟ್ಟಿ ಯಾವ ಕಡೆ ಅನ್ನುವುದೂ ಕಾಣಬೇಕು. ಪಟ್ಟಿ ಇರುವ ಕಡೆ ಪ್ಲಸ್‌ಗೆ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ನಿಮ್ಮದು ಸೇಡಂ, ಸುಣ್ಣದ ಕಲ್ಲಿನ ಸೀಮೆ. ಬೋರಿನ ನೀರು ಗಡಸು. ಪ್ರೋಬ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದರ ಮೇಲೆ ಪ್ರೋಬ್‌ಗೆ ಹಗಲು ರಾತ್ರಿ ಡಿಸಿ ಹರಿಯುತ್ತಿದ್ದರೆ ಪ್ಲಸ್ ಕಡೆಯ ತಂತಿ ನೀರಿನಲ್ಲೇ ಕರಗುತ್ತಾ ಹೋಗುತ್ತದೆ. ಕೆಟ್ಟ ಡಬ್ಬಿಯಲ್ಲಿ ಮೊದಲು ಇದನ್ನೇ ನೋಡಿ. ಇದಕ್ಕೆ ಮದ್ದು ಅಂದರೆ ಪ್ರೋಬನ್ನು ನೇರ 5 ವೋಲ್ಟಿಗೆ ಕೊಡದೆ ನ್ಯಾನೊದ ಒಂದು ಪಿನ್ನಿಗೆ ಕೊಟ್ಟು, ಓದುವ ಗಳಿಗೆಯಲ್ಲಿ ಮಾತ್ರ ಆ ಪಿನ್ ಆನ್ ಮಾಡುವುದು. ಜೊತೆಗೆ ಪ್ರೋಬ್ ಸ್ಟೇನ್‌ಲೆಸ್ ಸ್ಟೀಲಿನದಿರಲಿ.

ಹೀಗೆ ಬದಲಾಯಿಸಿದಿರಿ ಅಂತಿಟ್ಟುಕೊಳ್ಳಿ. ಚಿತ್ರದಲ್ಲಿ ಆ ತಂತಿ ನ್ಯಾನೊದ ಒಂದು ಪಿನ್ನಿಗೆ, ಡಿ5 ಅನ್ನೋಣ, ಹೋಗಿರುವುದು ಮಾತ್ರ ಕಾಣುತ್ತದೆ. ಯಾಕೆ ಅಂತ ಕಾಣುವುದಿಲ್ಲ. ಎರಡು ವರ್ಷ ಬಿಟ್ಟು ತೆರೆದವರು ‘ಇಲ್ಲಿ ಸುಮ್ನೆ ಒಂದು ಪಿನ್ ಹಾಳು ಮಾಡಿದ್ದಾರೆ’ ಅಂದುಕೊಂಡು ಅದನ್ನು 5 ವೋಲ್ಟಿಗೆ ಸೇರಿಸಿಬಿಡುತ್ತಾರೆ. ಅದಕ್ಕೇ ತಂತಿಯ ಪಕ್ಕದಲ್ಲೇ ಬರೆಯಿರಿ: ‘ಓದುವಾಗ ಮಾತ್ರ ಆನ್. ಸದಾ ಆನ್ ಇದ್ದರೆ ಪ್ರೋಬ್ ಕರಗುತ್ತದೆ.’ ಕನ್ನಡದಲ್ಲೇ ಬರೆಯಿರಿ. 2023ರಲ್ಲಿ ಬಂದ ಕೀಕ್ಯಾಡ್ 7ರಿಂದ ಈಚೆಗೆ ಕಂಪ್ಯೂಟರಿನಲ್ಲಿರುವ ಫಾಂಟುಗಳನ್ನು ಚಿತ್ರದಲ್ಲಿ ಬಳಸಬಹುದು. ಟಿಪ್ಪಣಿಯ ಗುಣಗಳಲ್ಲಿ ಕನ್ನಡ ಫಾಂಟ್ ಒಂದನ್ನು ಆರಿಸಿಕೊಂಡರಾಯಿತು. ನಿಮ್ಮ ಪಕ್ಕದ ಮನೆಯ ಡಬ್ಬಿಯನ್ನು ನಾಳೆ ತೆರೆಯುವುದು ಊರಿನ ವೈರಿಂಗ್ ಅಣ್ಣನೇ ಇರಬಹುದು. ಅವರಿಗೆ ಓದಲು ಬರಬೇಕು.

ಕನೆಕ್ಟರುಗಳಿಗೂ ಇಷ್ಟೇ ಕಾಳಜಿ ಬೇಕು. ಯಾವ ಕಾಲಿಗೆ ಯಾವ ಬಣ್ಣದ ತಂತಿ, ಅದು ಟಾಕಿಯ ತಳದ್ದೋ ಮೇಲಿನದ್ದೋ, ಎಲ್ಲಾ ಬರೆಯಿರಿ. ಮೋಟರ್ ತ್ರೀ ಫೇಸ್ ಆಗಿದ್ದರೆ ಈ ಸಣ್ಣ ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ಸ್ವಿಚ್) ಕಾಯಿಲನ್ನು ಮಾತ್ರ ನಡೆಸಬೇಕು, ಮೋಟರನ್ನಲ್ಲ. ಆ ಕರೆಂಟಿನ ಭಾಗದ ಸುತ್ತ ಒಂದು ಚೌಕ ಎಳೆದು ‘ಜೀವಕ್ಕೆ ಅಪಾಯ’ ಅಂತ ದೊಡ್ಡದಾಗಿ ಹಾಕಿ.

ಎಲ್ಲಾ ಆದ ಮೇಲೆ ಕೀಕ್ಯಾಡಿನಲ್ಲೇ ಇರುವ, ಜೋಡಣೆಯ ತಪ್ಪು ಹುಡುಕುವ ಇಆರ್‌ಸಿ ಅನ್ನುವ ತಪಾಸಣೆ ಓಡಿಸಿ. ಎಲ್ಲಿಗೂ ಸೇರದ ಕಾಲು ಇದ್ದರೆ ಅದು ತೋರಿಸುತ್ತದೆ. ಬೇಕಂತಲೇ ಖಾಲಿ ಬಿಟ್ಟ ಕಾಲಿಗೆ ‘ಕ್ಯೂ’ ಒತ್ತಿ ಅಡ್ಡಗೀಟಿನ ಗುರುತು ಹಾಕಿ. ಕರೆಂಟ್ ಬರುವ ಕಾಲಿಗೆ ಕರೆಂಟೇ ಇಲ್ಲ ಅಂತ ಒಂದು ತಪ್ಪು ತೋರಿಸಬಹುದು. ಅದಕ್ಕೆ ಹೆದರಬೇಡಿ. ಕನೆಕ್ಟರಿನಿಂದ 5 ವೋಲ್ಟ್ ಒಳಗೆ ಬರುತ್ತಿದೆ ಅಂತ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ಆ ತಂತಿಗೂ ಗ್ರೌಂಡಿಗೂ ‘ಪವರ್ ಫ್ಲ್ಯಾಗ್’ ಗುರುತು ಹಾಕಿದರೆ ಸುಮ್ಮನಾಗುತ್ತದೆ. ಕೊನೆಗೆ ಮೂಲೆಯ ಪಟ್ಟಿಯಲ್ಲಿ ತಾರೀಖು, ಆವೃತ್ತಿ ನಂಬರ್ ತುಂಬಿಸಿ ಪಿಡಿಎಫ್ ತೆಗೆಯಿರಿ. ಅದೇ ನಂಬರನ್ನು ಮಾರ್ಕರಿನಿಂದ ಬೋರ್ಡಿನ ಮೇಲೂ ಬರೆಯಿರಿ. ಲೇಸರ್ ಪ್ರಿಂಟ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಇಂಕ್‌ಜೆಟ್ ಬೇಡ, ತೇವ ತಾಗಿದರೆ ಹರಡುತ್ತದೆ.

ಪ್ರಶ್ನೆ: ಬೀದರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ ಮೇಡಂ. ಪ್ರಾಜೆಕ್ಟ್ ರಿಪೋರ್ಟಿಗೆ ಫ್ರಿಟ್ಜಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತೂತಿಗೆ ತಂತಿ ಚುಚ್ಚುವ ಹಲಗೆ) ಚಿತ್ರ ಹಾಕಿದರೆ ಸಾಕಾ?

ಉತ್ತರ: ಸಾಲದು ತಂಗಿ. ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಹುಟ್ಟಿದ ಫ್ರಿಟ್ಜಿಂಗ್ ನನಗೂ ಇಷ್ಟ. ಯಾವ ತೂತಿಗೆ ಯಾವ ತಂತಿ ಅಂತ ತೋರಿಸಲು ಅದಕ್ಕಿಂತ ಚೆಂದದ್ದು ಬೇಕಿಲ್ಲ. ಆದರೆ ಬ್ರೆಡ್‌ಬೋರ್ಡ್ ಚಿತ್ರ ಜೋಡಣೆ ಹೇಳುತ್ತದೆ, ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುವುದಿಲ್ಲ. ಎರಡು ಐಸಿ ದಾಟಿದರೆ ತಂತಿಗಳು ನೂಲಿನ ಉಂಡೆಯ ಹಾಗೆ ಸಿಕ್ಕಾಗುತ್ತವೆ. ಪರೀಕ್ಷಕರು ಈ ರೆಸಿಸ್ಟರ್ ಇಲ್ಲಿ ಯಾಕೆ ಅಂತ ಕೇಳಿದರೆ ನಿನ್ನ ಕೈಯಲ್ಲಿ ಸರ್ಕ್ಯೂಟ್ ಚಿತ್ರ ಇರಬೇಕು. ಎರಡನ್ನೂ ಹಾಕು. ಆರ್1, ಸಿ1 ಅನ್ನುವ ಹೆಸರುಗಳು ಎರಡು ಚಿತ್ರದಲ್ಲೂ, ಬಿಡಿಭಾಗಗಳ ಪಟ್ಟಿಯಲ್ಲೂ ಒಂದೇ ಇರಲಿ.

ಪ್ರಶ್ನೆ: ಶಹಾಪುರದಿಂದ ಬರೆಯುತ್ತಿದ್ದೇನೆ. ನನ್ನ ಹಳೆಯ ಸರ್ಕ್ಯೂಟ್ ಚಿತ್ರಗಳೆಲ್ಲಾ ಈಗಲ್ ಅನ್ನುವ ಸಾಫ್ಟ್‌ವೇರಿನಲ್ಲಿವೆ. ಅದು ನಿಂತುಹೋಗುತ್ತದೆ ಅನ್ನುವುದು ನಿಜವೇ?

ಉತ್ತರ: ನಿಜ. ಅದರ ಒಡೆತನದ ಆಟೋಡೆಸ್ಕ್ ಕಂಪನಿ 2026ರ ಜೂನ್ 7ನ್ನು ಕೊನೆಯ ದಿನ ಅಂತ 2023ರಲ್ಲೇ ತಿಳಿಸಿತ್ತು. ಕೀಕ್ಯಾಡಿನ ಫೈಲ್ ಮೆನುವಿನಲ್ಲಿ ಈಗಲ್ ಪ್ರಾಜೆಕ್ಟನ್ನು ಒಳಗೆ ತರುವ ಸೌಲಭ್ಯ ಇದೆ. ಈಗಲ್ 6ಕ್ಕಿಂತ ಹಳೆಯ ಫೈಲ್ ಆದರೆ ನೇರವಾಗಿ ಬರುವುದಿಲ್ಲ. ಯಾರ ಹತ್ತಿರವಾದರೂ ನಡೆಯುವ ಹೊಸ ಈಗಲ್ ಇದ್ದರೆ ಅದರಲ್ಲಿ ತೆರೆದು ಮತ್ತೆ ಸೇವ್ ಮಾಡಿಸಿ, ಆಮೇಲೆ ತನ್ನಿ. ತಂದ ಚಿತ್ರವನ್ನು ಹಳೆಯ ಪ್ರಿಂಟಿನ ಜೊತೆ ತಂತಿ ತಂತಿಗೆ ಹೋಲಿಸಿ ನೋಡುವವರೆಗೆ ಹಳೆಯ ಫೈಲುಗಳನ್ನು ಅಳಿಸಬೇಡಿ.