ನೂರು ಕೌರವರು ಅಂದರೆ ನೂರು ದುರ್ಗುಣವೇ?

ಪ್ರಶ್ನೆ: ಕೌರವರು ಅಂದರೆ ನೂರು ಕೆಟ್ಟ ಗುಣ, ಪಾಂಡವರು ಅಂದರೆ ಪಂಚೇಂದ್ರಿಯ ಎಂದು ಪ್ರವಚನದಲ್ಲಿ ಕೇಳಿದೆ. ಗೀತೆಯನ್ನು ಹೀಗೆ ಸಂಕೇತವಾಗಿ ಓದಿದರೆ ಮನಸ್ಸಿಗೆ ಬಿಡುಗಡೆ ಸಿಗುತ್ತದೆಯೇ?

ಉತ್ತರ: ತಿಂಗಳು ತಪ್ಪದೆ ಬರುವ ಪ್ರಶ್ನೆ ಇದು. ಸಂಕೇತವಾಗಿ ಓದಲೇಬಾರದು ಅಂತ ನಾನು ಹೇಳುವುದಿಲ್ಲ. 1888-89ರಲ್ಲಿ ಮೊದಲ ಸಲ ಗೀತೆ ಓದಿದಾಗಲೇ ಗಾಂಧೀಜಿಗೆ ಇದು ಎದೆಯೊಳಗಿನ ಯುದ್ಧ ಅನ್ನಿಸಿತ್ತು. ಆದರೆ ಯಾರೋ ಕೊಟ್ಟ ಪಟ್ಟಿ ಬಾಯಿಪಾಠ ಮಾಡಿದರೆ ಬಿಡುಗಡೆ ಸಿಗಲ್ಲ.

ಮೊದಲ ಅಧ್ಯಾಯ ತೆಗೆದು ನೋಡಿ. ಅರ್ಜುನನಿಗೆ ಎದುರು ಕಾಣುವುದು ಅಜ್ಜ, ಗುರು, ಸೋದರಮಾವ, ಅಣ್ಣತಮ್ಮಂದಿರು. ಅದಕ್ಕೇ ಗಾಂಡೀವ ಕೈಜಾರುತ್ತದೆ. ಬರೀ ದುರ್ಗುಣಗಳೇ ನಿಂತಿದ್ದರೆ ಅವನು ಅಳುವುದೇಕೆ? ಒಳಗಿನ ಯುದ್ಧ ಅನ್ನುವುದಾದರೆ ಭೀಷ್ಮ, ದ್ರೋಣರನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮನ್ನು ಬೆಳೆಸಿದ, ನಾವು ಕೈಮುಗಿಯುವ, ಆದರೂ ನಮ್ಮನ್ನು ಕಟ್ಟಿಹಾಕಿರುವ ಸಂಗತಿಗಳು ಅವು. ಮನೆತನದ ಹೆಮ್ಮೆ, ‘ತುಂಬಾ ಒಳ್ಳೆಯವರು’ ಅನ್ನಿಸಿಕೊಳ್ಳುವ ಆಸೆ. ಕೆಟ್ಟದ್ದನ್ನು ಬಿಡಿ ಅಂದರೆ ಎಲ್ಲರೂ ಒಪ್ಪುತ್ತಾರೆ, ಇವನ್ನು ಬಿಡುವಾಗಲೇ ಕೈ ನಡುಗುವುದು. ನನಗೆ ಪತ್ರ ಬರೆಯುವವರಲ್ಲಿ ಅತ್ತೆಯನ್ನೋ ಬಾಸನ್ನೋ ದುರ್ಯೋಧನ ಮಾಡಿದವರೇ ಜಾಸ್ತಿ. ಅದು ಓದಲ್ಲ, ಜಗಳಕ್ಕೆ ಶ್ಲೋಕದ ಬೆಂಬಲ.

ಶುರು ಮಾಡುವುದಾದರೆ ಕಠೋಪನಿಷತ್ತಿನಿಂದ ಮಾಡಿ. ಅಲ್ಲಿ ಯಾವುದು ಯಾವುದರ ಸಂಕೇತ ಅಂತ ಗ್ರಂಥವೇ ಹೇಳುತ್ತದೆ, ನಾವು ಊಹಿಸಬೇಕಿಲ್ಲ. ಮೊದಲ ಅಧ್ಯಾಯದ ಮೂರನೇ ವಲ್ಲಿಯಲ್ಲಿ, ಅಂದರೆ ಮೂರನೇ ಭಾಗದಲ್ಲಿ, ಯಮ ನಚಿಕೇತನಿಗೆ ಹೇಳುತ್ತಾನೆ: ದೇಹ ರಥ, ಆತ್ಮ ಅದರಲ್ಲಿ ಕೂತವನು, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು, ವಿಷಯಗಳು, ಅಂದರೆ ಇಂದ್ರಿಯಗಳು ಬೆನ್ನಟ್ಟುವ ವಸ್ತುಗಳು, ದಾರಿ. ಎಲ್ಲರೂ ಇಷ್ಟು ಕೇಳಿ ಎದ್ದು ಹೋಗುತ್ತಾರೆ. ಮುಂದಿನ ಎರಡು ಮಂತ್ರ ಓದಿ. ಮನಸ್ಸು ಹತೋಟಿಯಲ್ಲಿಲ್ಲದವನ ಇಂದ್ರಿಯಗಳು ಪುಂಡ ಕುದುರೆಗಳು, ಹತೋಟಿಯಲ್ಲಿರುವವನವು ಸಾಧು ಕುದುರೆಗಳು. ಕುದುರೆ ಬಿಚ್ಚಿಬಿಡು, ಕೊಂದುಬಿಡು ಅಂತ ಯಮ ಎಲ್ಲೂ ಹೇಳುವುದಿಲ್ಲ. ದಾರಿಯ ಕೊನೆ ಮುಟ್ಟಿಸುವುದೂ ಅವೇ ಅಲ್ವಾ? ಇವತ್ತು ರಾತ್ರಿ ಕೈ ಸುಮ್ನೆ ಮೊಬೈಲ್ ಕಡೆ ಹೋದಾಗ ಲಗಾಮು ಯಾರ ಹತ್ತಿರ ಇದೆ ನೋಡಿಕೊಳ್ಳಿ. ಒಂದು ವಾರ ಇದೊಂದನ್ನೇ ಮಾಡಿ. ಉಳಿದ ಪ್ರವಚನ ಕಾಯುತ್ತದೆ.

ಪ್ರಶ್ನೆ: ಸಮುದ್ರಮಥನದಲ್ಲಿ ಅಣುವಿಜ್ಞಾನ ಅಡಗಿದೆಯಂತೆ?

ಉತ್ತರ: ಇಲ್ಲ.

ಪ್ರಶ್ನೆ: ಸಂಸ್ಕೃತ ಬರುವುದಿಲ್ಲ. ಓದಬಹುದೇ?

ಉತ್ತರ: ಓದಿ. ಒಳ್ಳೆಯ ಕನ್ನಡ ಅನುವಾದ ಸಾಕು.

ಪ್ರಶ್ನೆ: ‘ಉಪನಿಷತ್ತಿನ ಗುಪ್ತ ಸಂಕೇತ’ ಕಲಿಸುವ ವಾರಾಂತ್ಯದ ಆನ್‌ಲೈನ್ ಕೋರ್ಸ್‌ಗೆ ಸೇರಬಹುದೇ?

ಉತ್ತರ: ಮೇಲಿನ ರಥದ ಮಾತು ಅಚ್ಚಾದ ಪುಸ್ತಕದಲ್ಲೇ ಇದೆ. ಅದರಲ್ಲಿ ಗುಪ್ತ ಏನಿದೆ? ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಖಿನ್ನತೆ ಹಳೆಯ ಕರ್ಮದ ಸಂಕೇತ, ಮಾತ್ರೆ ಬಿಟ್ಟು ಗೀತೆ ಓದು ಎಂದು ಗುರುಗಳೊಬ್ಬರು ಹೇಳಿದ್ದಾರೆ. ಬಿಟ್ಟಿದ್ದೇನೆ.

ಉತ್ತರ: ಬಿಡಬೇಕಾದ್ದು ಆ ಗುರುಗಳನ್ನು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಬಿಟ್ಟು ಎಷ್ಟು ದಿನ ಆಯಿತು ಅಂತ ಹೇಳಿ. ಗೀತೆ ಆಮೇಲೆ ಓದೋಣ.